ಲೋಕಲ್ ಅಂದರೆ ಎಲ್ಲಿಯದು?

1982ರ ದೀಪಾವಳಿಗೆ ಊರಿಗೆ ಹೋದಾಗ ಕಾಕಾನ ಮುಂದೆ ಮುಂಬೈ ಬದುಕಿನ ಬಡಾಯಿ ಕೊಚ್ಚುತ್ತ ಕೂತಿದ್ದೆ. ಬ್ಯಾಂಕಿನ ನೌಕರಿ ಸೇರಿ ಒಂದು ವರ್ಷವಾಗಿತ್ತು, ಡೊಂಬಿವಲಿಯಲ್ಲಿ ಮೂವರು ಕೂಡಿ ಒಂದು ಖೋಲಿ ಹಿಡಿದಿದ್ದೆವು. “ಎಂಟು ಮೂರರ ಲೋಕಲ್ ತಪ್ಪಿತು ಅಂದ್ರ ಮುಗೀತು ಕಾಕಾ, ಇಡೀ ದಿನ ಹಾಳು” ಎಂದೆ. ಕಾಕಾ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. “ಲೋಕಲ್ ತಪ್ಪಿದ್ರ ಚಲೋನ ಆತಲ್ಲೋ ತಮ್ಮಾ. ಕಂಪನೀದು ತಗೊಂಡ್ರಾತು.”

ನವಲಗುಂದ ತಾಲ್ಲೂಕಿನ ನಮ್ಮೂರಿನಲ್ಲಿ ಆಗ ಲೋಕಲ್ ಅಂದರೆ ಕಂಪನಿಯದಲ್ಲದ್ದು ಎಂದರ್ಥ. ಲೋಕಲ್ ಸೈಕಲ್ ಟ್ಯೂಬು, ಲೋಕಲ್ ಬ್ಯಾಟರಿ ಸೆಲ್ಲು. ಕೊಂಡ ಎಂಟು ದಿನಕ್ಕೆ ಕೈಕೊಡುವ ಮಾಲು. ತಮಾಷೆಯೆಂದರೆ ನಮ್ಮೂರ ಹಿತ್ತಲಲ್ಲೇ ಬೆಳೆದ ಬದನೆಕಾಯಿ, ಬೆಳ್ಳುಳ್ಳಿ, ಅಂಗಳದಲ್ಲೇ ಓಡಾಡುವ ಕೋಳಿ ಲೋಕಲ್ ಅಲ್ಲ, ಅವು ಜವಾರಿ. ಎರಡಕ್ಕೂ ಅರ್ಥ ‘ಇಲ್ಲಿಯದು’ ಅಂತಲೇ. ಆದರೆ ಜವಾರಿ ಅಂದರೆ ಎರಡು ರೂಪಾಯಿ ಹೆಚ್ಚು ಕೊಡುತ್ತಾರೆ, ಲೋಕಲ್ ಅಂದರೆ ಎರಡು ರೂಪಾಯಿ ಕಡಿಮೆ ಕೇಳುತ್ತಾರೆ.

ಅವತ್ತಿನಿಂದ ಈ ಶಬ್ದ ನನ್ನ ಬೆನ್ನು ಬಿಟ್ಟಿಲ್ಲ. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದೆ. ಅಲ್ಲಿಯೂ ಲೋಕಲ್, ರೈಲಿನಲ್ಲಿಯೂ ಲೋಕಲ್, ಸರಕಾರಿ ಕಾಗದದಲ್ಲಿಯೂ ಲೋಕಲ್. ಪ್ರತಿ ಸಲವೂ ಅರ್ಥ ಬೇರೆ.

ಮೊದಲು ರೈಲಿನದೇ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಲೋಕಲ್ ಬಸ್ಸು ಅಂದರೆ ಊರೊಳಗೆ ತಿರುಗುವುದು. ಡೊಂಬಿವಲಿ ಇರುವುದು ಮುಂಬೈ ಸಿ.ಎಸ್.ಎಂ.ಟಿ.ಯಿಂದ ಸುಮಾರು 48 ಕಿ.ಮೀ. ದೂರದಲ್ಲಿ. ಕಸಾರಾ ಲೋಕಲ್ ಓಡುವುದು 120 ಕಿ.ಮೀ. ಹುಬ್ಬಳ್ಳಿಯಿಂದ ಅಷ್ಟು ದೂರ ಹೊರಟರೆ ಬೆಳಗಾವಿ ದಾಟಿ ಹೋಗುತ್ತೀರಿ, ಅದನ್ನು ಯಾರೂ ಲೋಕಲ್ ಅನ್ನುವುದಿಲ್ಲ. ರೈಲ್ವೆಯವರ ಕಾಗದದಲ್ಲಿ ಇದಕ್ಕೆ ‘ಸಬರ್ಬನ್’ ಅಂದರೆ ಉಪನಗರ ಸೇವೆ ಎಂದು ಹೆಸರು. ಆದರೆ ಪ್ಲಾಟ್‌ಫಾರ್ಮ್ ಮೇಲೆ ನಿಂತವನು ಯಾವತ್ತೂ ಸಬರ್ಬನ್ ಬಂತು ಅಂದಿಲ್ಲ. ಎಲ್ಲ ಸ್ಟೇಷನ್ನಿನಲ್ಲಿ ನಿಂತರೆ ಸ್ಲೋ ಲೋಕಲ್, ಕೆಲವನ್ನು ಬಿಟ್ಟು ಓಡಿದರೆ ಫಾಸ್ಟ್ ಲೋಕಲ್. ನಿಲ್ಲದೆ ಓಡುವ ಗಾಡಿಯನ್ನೂ ಲೋಕಲ್ ಅನ್ನುವ ಊರು ಇದು.

ಇದರ ಮೂಲ ಹುಡುಕಿದರೆ 1853ರ ಏಪ್ರಿಲ್ 16ಕ್ಕೆ ಹೋಗಿ ನಿಲ್ಲುತ್ತೇವೆ. ಬೋರಿಬಂದರಿನಿಂದ ಠಾಣೆಗೆ 34 ಕಿ.ಮೀ., 14 ಡಬ್ಬಿ, ಸುಮಾರು 400 ಜನ ಅತಿಥಿಗಳು, ಎಳೆಯಲು ಮೂರು ಇಂಜಿನ್. ಮರುವರ್ಷ, 1854ರ ಮೇ 1ಕ್ಕೆ, ಹಳಿ ಠಾಣೆ ಖಾಡಿಯನ್ನು ದಾಟಿ ಕಲ್ಯಾಣ ಮುಟ್ಟಿತು. ಆ ದಿನ ಅದು ಲೋಕಲ್ ಆಗಿರಲಿಲ್ಲ. ಪ್ರಯಾಣಿಕರನ್ನು ಕೂಡಿಸಿಕೊಂಡು ಓಡಿದ ಹಿಂದುಸ್ತಾನದ ಮೊದಲ ರೈಲು ಅದು, ಸಮಸ್ತ ರೈಲು ಅಂದರೆ ಅದೊಂದೇ. ಹಳಿ ಪುಣೆ, ನಾಶಿಕ ದಾಟಿ ದೇಶದ ತುಂಬ ಹಬ್ಬಿದ ಮೇಲೆ ಈ ಮೊದಲಿನ ತುಂಡು ‘ಲೋಕಲ್’ ಆಯಿತು. ಹಿರಿಯಣ್ಣನಿಗೆ ಮನೆಯಲ್ಲಿ ಸಣ್ಣ ಹೆಸರು ಬಿದ್ದ ಹಾಗೆ.

ಠಾಣೆ ಎಂಬ ಹೆಸರನ್ನು ನೋಡಿ. ಶಿಲಾಹಾರರ ಶಾಸನಗಳಲ್ಲಿ ಅದು ಶ್ರೀಸ್ಥಾನಕ. ಸ್ಥಾನ ಅಂದರೆ ಜಾಗ. ಸಂಸ್ಕೃತದ ಸ್ಥಾನ ಕನ್ನಡದಲ್ಲಿ ತಾಣವಾಯಿತು, ಪೊಲೀಸರ ಠಾಣೆಯೂ ಅದೇ. ನಿಲ್ + ತಾಣ ಸೇರಿ ನಿಲ್ದಾಣವಾಯಿತು. ಅಂದಮೇಲೆ ನಮ್ಮ ಮೊದಲ ರೈಲು ಹೋಗಿ ನಿಂತ ಊರಿನ ಹೆಸರೇ ‘ಜಾಗ’! ಆ ಉತ್ತರ ಕೊಂಕಣದ ಶಿಲಾಹಾರರು ನಮ್ಮ ಮಾನ್ಯಖೇಟದ ರಾಷ್ಟ್ರಕೂಟರ ಮಾಂಡಲಿಕರಾಗಿದ್ದರು. ಇದನ್ನು ಹಿಡಿದುಕೊಂಡು “ಇಲ್ಲಿ ಮೂಲದವರು ನಾವೇ” ಎಂದು ಸಂಘದ ಸಭೆಯಲ್ಲಿ ವಾದ ಹೂಡುವ ಗೆಳೆಯರಿದ್ದಾರೆ. ನನಗೆ ಆ ವಾದದಲ್ಲಿ ರುಚಿಯಿಲ್ಲ. ಸಾವಿರದ ನೂರು ವರ್ಷ ಹಿಂದಿನ ಖಾತೆಗೆ ಇವತ್ತು ಬಡ್ಡಿ ಕೇಳಿದರೆ ಯಾವ ಮ್ಯಾನೇಜರ್ ಕೊಡುತ್ತಾನೆ?

ಇನ್ನು ಇಂಗ್ಲಿಷಿನ ಲೋಕಲ್. ಬಹಳ ವರ್ಷ ನಾನು ಇದು ನಮ್ಮ ‘ಲೋಕ’ದ ಸಂಬಂಧಿ ಎಂದೇ ತಿಳಿದಿದ್ದೆ, ಒಂದೆರಡು ಕಡೆ ಭಾಷಣದಲ್ಲೂ ಹೇಳಿಬಿಟ್ಟಿದ್ದೇನೆ. ತಪ್ಪು. ಲೋಕಲ್ ಬಂದದ್ದು ಲ್ಯಾಟಿನ್ನಿನ ‘ಲೋಕುಸ್’ನಿಂದ, ಅಂದರೆ ಜಾಗ. ಅದರ ಇನ್ನೂ ಹಳೆಯ ರೂಪ ‘ಸ್ತ್ಲೋಕುಸ್’. ಅದನ್ನು ನಮ್ಮ ‘ಸ್ಥಳ’ದ ಬೇರಿಗೇ ಜೋಡಿಸುವ ಭಾಷಾಶಾಸ್ತ್ರಜ್ಞರಿದ್ದಾರೆ. ಸಂಸ್ಕೃತದ ‘ಲೋಕ’ದ ಬೇರು ಬೇರೆಯೇ. ಅದು ಬೆಳಕಿಗೆ, ಬಯಲಿಗೆ, ಕಾಣುವುದಕ್ಕೆ ಸಂಬಂಧಿಸಿದ್ದು. ಅವಲೋಕನದಲ್ಲಿ, ಲೋಚನದಲ್ಲಿ ಇರುವುದು ಆ ಬೇರು. ಲ್ಯಾಟಿನ್ನಿನಲ್ಲಿ ಅದರ ದಾಯಾದಿ ‘ಲೂಕುಸ್’, ದೇವರ ಬನ. ಒಂದು ಕೊಂಬು ಬದಲಾದರೆ ಗೋತ್ರವೇ ಬದಲು. ಹೆಸರು ಒಂದೇ ಇದೆ ಎಂದು ಇಬ್ಬರು ಖಾತೆದಾರರನ್ನು ಒಬ್ಬರೇ ಎಂದು ತಿಳಿದರೆ ಬ್ಯಾಂಕಿನವನ ಗತಿ ಏನಾಗುತ್ತದೋ ಅದೇ ನನಗೂ ಆಯಿತು.

ಲೋಕುಸ್‌ನ ಮಕ್ಕಳು ಮೊಮ್ಮಕ್ಕಳು ಬೇಕಾದಷ್ಟು. ಜಾಗ ಬಿಟ್ಟು ಚಲಿಸುವುದು ಲೋಕೋಮೋಟಿವ್. ಹೀಗಾಗಿ ಕಲ್ಯಾಣದ ಲೋಕೋಶೆಡ್ಡಿನ ಲೋಕೋ ಮತ್ತು ಕಲ್ಯಾಣ ಲೋಕಲ್ ಎರಡೂ ಒಂದೇ ಮನೆಯವು. ಒಂದು ಜಾಗ ಬಿಡುವುದು, ಇನ್ನೊಂದು ಜಾಗಕ್ಕೆ ಅಂಟಿದ್ದು. ಸೈನ್ಯದ ಲೆಫ್ಟಿನೆಂಟ್ ಕೂಡ ಇದೇ ಕುಲ. ಫ್ರೆಂಚರ ಬಾಯಲ್ಲಿ ಲೋಕುಸ್ ‘ಲ್ಯೂ’ ಆಯಿತು, ಮೇಲಿನವನ ಜಾಗ ಹಿಡಿದು ನಿಂತವನು ಲೆಫ್ಟಿನೆಂಟ್. ನನಗೆ ಇವರೆಲ್ಲರಿಗಿಂತ ಹೆಚ್ಚು ಪರಿಚಯವಿದ್ದದ್ದು ‘ಲೋಕಸ್ ಸ್ಟ್ಯಾಂಡೈ’. ಸಾಲ ವಸೂಲಿ ದಾವೆಗಳಲ್ಲಿ ಎದುರು ಪಕ್ಷದ ವಕೀಲರು ಎದ್ದು ನಿಂತು ಮೊದಲು ಹಾಕುವ ಆಕ್ಷೇಪಣೆ ಅದೇ: ಇವರಿಗೆ ಇಲ್ಲಿ ಬಂದು ಕೇಳುವ ಹಕ್ಕೇ ಇಲ್ಲ. ಶಬ್ದಶಃ ಅರ್ಥ ‘ನಿಲ್ಲುವ ಜಾಗ’. ಬೆಳಿಗ್ಗೆ ಎಂಟು ಮೂರರ ಗಾಡಿಯಲ್ಲಿ ನಿಂತವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೂವರ ಬೆಂಚಿನ ತುದಿಗೆ ಅರ್ಧ ಕುಂಡೆ ಊರಿ ಕೂಡುವ ‘ಫೋರ್ತ್ ಸೀಟ್’ ಸಿಗಲು ನನಗೆ ಆ ಗುಂಪಿನಲ್ಲಿ ಏಳು ತಿಂಗಳು ಹಿಡಿಯಿತು.

ಇಂಗ್ಲಿಷಿನಲ್ಲಿ ಈ ಶಬ್ದ ಮೊದಲು ಓಡಾಡಿದ್ದು ವೈದ್ಯರ ಬಾಯಲ್ಲಂತೆ. ದೇಹದ ಒಂದೇ ಭಾಗಕ್ಕೆ ಸೀಮಿತವಾದ ಬೇನೆ ಲೋಕಲ್. ಹೋದ ವರ್ಷ ಕಣ್ಣಿನ ಪೊರೆ ತೆಗೆಸುವಾಗ ಡಾಕ್ಟರು “ಲೋಕಲ್ ಕೊಡ್ತೇನೆ, ಹೆದರಬೇಡಿ” ಅಂದಾಗ ಅವರು ಆರುನೂರು ವರ್ಷದ ಹಳೆಯ ಅರ್ಥದಲ್ಲೇ ಮಾತಾಡುತ್ತಿದ್ದರು. ಬ್ರಿಟನ್ನಿನಲ್ಲಿ ಮನೆ ಹತ್ತಿರದ ಶರಾಬು ಅಂಗಡಿಗೂ ಲೋಕಲ್ ಎನ್ನುತ್ತಾರೆ. ಅಮೆರಿಕದಲ್ಲಿ ಕಾರ್ಮಿಕ ಸಂಘದ ಶಾಖೆಗೆ ಲೋಕಲ್. ಅವುಗಳ ಸಹವಾಸ ನನಗೆ ಬರಲಿಲ್ಲ.

ಬ್ಯಾಂಕಿನ ಲೋಕಲ್‌ನ ಸಹವಾಸ ಮಾತ್ರ ದಿನವೂ ಇತ್ತು. ಸ್ಟೇಟ್ ಬ್ಯಾಂಕಿನವರಿಗೆ ಲೋಕಲ್ ಹೆಡ್ ಆಫೀಸು, ರಿಸರ್ವ್ ಬ್ಯಾಂಕಿಗೆ 1934ರ ಕಾಯ್ದೆಯ ಪ್ರಕಾರ ನಾಲ್ಕು ಲೋಕಲ್ ಬೋರ್ಡು. ಕೌಂಟರಿಗೆ ಬಂದ ಪ್ರತಿ ಚೆಕ್ಕನ್ನೂ ನಾವು ಮೊದಲು ಎರಡು ರಾಶಿ ಮಾಡುತ್ತಿದ್ದೆವು. ಲೋಕಲ್ ಮತ್ತು ಔಟ್‌ಸ್ಟೇಷನ್. ಲೋಕಲ್ ಆದರೆ ಮರುದಿನದ ಕ್ಲಿಯರಿಂಗು. ಔಟ್‌ಸ್ಟೇಷನ್ ಆದರೆ ಅಂಚೆಯಲ್ಲಿ ಆ ಊರಿಗೆ ಹೋಗಿ, ಅಲ್ಲಿ ಪಾಸಾಗಿ, ಸುದ್ದಿ ಮರಳಿ ಬರಬೇಕು.

1986ರಲ್ಲಿ ಡೊಂಬಿವಲಿಯಲ್ಲಿ ಒಂದು ಫ್ಲ್ಯಾಟಿಗೆ ಮುಂಗಡ ಕೊಡುವುದಿತ್ತು. ಅಪ್ಪ ಎರಡು ಎಕರೆ ಎರಿ ಹೊಲ ಮಾರಿ ದುಡ್ಡು ಕಳಿಸಿದರು. ಬ್ಯಾಂಕಿನವನ ಅಪ್ಪನಾಗಿ ಡಿ.ಡಿ. ತೆಗೆಸಬೇಕಿತ್ತು. ಆದರೆ ಕಮಿಷನ್ ಯಾಕೆ ಕೊಡಬೇಕೆಂದು ತಮ್ಮ ಖಾತೆಯ ಚೆಕ್ಕನ್ನೇ ಬರೆದು ಲಕೋಟೆಯಲ್ಲಿ ಇಟ್ಟಿದ್ದರು. ಇಪ್ಪತ್ತೆರಡು ದಿನ ಹಿಡಿಯಿತು. ದಿನಾ ಸಂಜೆ ಬಿಲ್ಡರನ ಗುಮಾಸ್ತ ಕೇಳುವನು, “ಸಾಹೇಬ, ಆಲಾ ಕಾ?” ನಾನು “ಔಟ್‌ಸ್ಟೇಷನ್ ಆಹೆ” ಅನ್ನುವೆನು. ನಾನು ಹುಟ್ಟಿ ಬೆಳೆದು, ಗಳೆ ಹೊಡೆಯುವುದನ್ನು ನೋಡಿದ ಹೊಲಕ್ಕೆ ಆ ಶಬ್ದ ಹಚ್ಚಿದ್ದು ನಾನೇ. ಆ ಇಪ್ಪತ್ತೆರಡು ದಿನಗಳಲ್ಲಿ ಅದು ಮನಸ್ಸಿಗೆ ಚುಚ್ಚಿದ ಹಾಗೆ ಮುಂದೆಂದೂ ಚುಚ್ಚಲಿಲ್ಲ. ಈಗ ಆ ಎರಡು ರಾಶಿಗಳೇ ಇಲ್ಲ. ಚೆಕ್ಕಿನ ಬದಲು ಅದರ ಚಿತ್ರ ಕಳಿಸುವ ಪದ್ಧತಿ 2008ರಲ್ಲಿ ದಿಲ್ಲಿಯಲ್ಲಿ ಶುರುವಾಗಿ 2013ರಲ್ಲಿ ಮುಂಬೈಗೆ ಬಂತು. ಕ್ರಮೇಣ ಎಲ್ಲ ಚೆಕ್ಕೂ ಲೋಕಲ್ ಆದವು.

ಟೆಲಿಫೋನಿನದು ಇನ್ನೊಂದು ಕತೆ. ಠಾಣೆ ಮತ್ತು ನವಿಮುಂಬೈ ಮುಂಬೈಯ 022ರೊಳಗೆ, ಡೊಂಬಿವಲಿ-ಕಲ್ಯಾಣಗಳದು 0251. ಅಂದರೆ ಡೊಂಬಿವಲಿಯಿಂದ ನನ್ನನ್ನು ಲೋಕಲ್ ಗಾಡಿ ಆಫೀಸಿಗೆ ಮುಟ್ಟಿಸುತ್ತಿತ್ತು, ಆದರೆ ನಾನು ಮುಟ್ಟಿದ್ದೇನೆಂದು ಹೆಂಡತಿಗೆ ಫೋನು ಮಾಡಿದರೆ ಅದು ಎಸ್.ಟಿ.ಡಿ. ಹೀಗಾಗಿ ಎರಡು ಸಲ ರಿಂಗು ಕೊಟ್ಟು ಇಡುವುದು ನಮ್ಮ ಕರಾರು.

ಇದೆಲ್ಲ ನಗುವ ಮಾತು. ನಗಲಾಗದ ಲೋಕಲ್ ಒಂದಿದೆ. ಮನುಷ್ಯನಿಗೆ ಹಚ್ಚುವ ಲೋಕಲ್.

ನಮ್ಮಪ್ಪ 1952ರಲ್ಲಿ ಹೊಲದ ವ್ಯಾಜ್ಯದ ಸಲುವಾಗಿ ಮೊದಲ ಸಲ ಮುಂಬೈಗೆ ಬಂದವರು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳೆಲ್ಲ ಮುಂಬೈ ರಾಜ್ಯದಲ್ಲಿ. ಅವರು ಪರಊರಿಗೆ ಬಂದಿರಲಿಲ್ಲ, ತಮ್ಮ ರಾಜಧಾನಿಗೆ ಬಂದಿದ್ದರು. ಅವರು ಕಲಿತದ್ದು ಲೋಕಲ್ ಬೋರ್ಡ್ ಸಾಲೆ. 1882ರ ಮೇ 18ಕ್ಕೆ ಲಾರ್ಡ್ ರಿಪ್ಪನ್ ಸ್ಥಳೀಯ ಸ್ವರಾಜ್ಯದ ಠರಾವು ಹೊರಡಿಸಿದ ಮೇಲೆ, 1884ರಲ್ಲಿ ಮುಂಬೈ ಇಲಾಖೆಯ ಲೋಕಲ್ ಬೋರ್ಡ್ ಕಾಯ್ದೆ ಬಂತು, 1923ರಲ್ಲಿ ಇನ್ನೊಂದು. ನಮ್ಮ ಭಾಗದ ರಸ್ತೆ, ಬಾವಿ, ಧರ್ಮಶಾಲೆ, ಸಾಲೆ ಎಷ್ಟೋ ಕಡೆ ಅದರದೇ. ಅಷ್ಟೇಕೆ, ನಾನು ಎಂ.ಕಾಂ. ಮಾಡಿದ ಕರ್ನಾಟಕ ವಿಶ್ವವಿದ್ಯಾಲಯವೇ 1949ರಲ್ಲಿ ಮುಂಬೈಯಲ್ಲಿ ಶುರುವಾಗಿ ಆಮೇಲೆ ಧಾರವಾಡಕ್ಕೆ ಬಂದದ್ದು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಸೇರಲೇಬೇಕಿತ್ತು, ಅದಕ್ಕಾಗಿ ಹಿರಿಯರು ಎಷ್ಟು ಹೋರಾಡಿದರು! ನಾನು ಹುಟ್ಟಿದ್ದು ಅದಾದ ಮೂರು ವರ್ಷಕ್ಕೆ. ಅಪ್ಪ ಲೋಕಲ್ ಆಗಿದ್ದ ಊರಿಗೆ ಮಗ ಹೊರಗಿನವನಾಗಿ ಬಂದ.

ಅಷ್ಟರೊಳಗೆ ಮುಂಬೈಯಲ್ಲಿ ಬಹಳ ನೀರು ಹರಿದಿತ್ತು. 1966ರ ಜೂನ್ 19ಕ್ಕೆ ಶಿವಸೇನೆ ಹುಟ್ಟಿತು. ನೌಕರಿಗಳನ್ನು ದಕ್ಷಿಣದವರು ನುಂಗುತ್ತಿದ್ದಾರೆಂಬ ಕೂಗೆದ್ದಿತು, ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. 1970ರ ದಶಕದಲ್ಲಿ ಬ್ಯಾಂಕು, ವಿಮೆ ಕಚೇರಿಗಳಲ್ಲಿ ‘ಸ್ಥಾನೀಯ ಲೋಕಾಧಿಕಾರ ಸಮಿತಿ’ ಬೆಳೆಯಿತು. ಹೆಸರು ನೋಡಿ, ಸ್ಥಾನವೂ ಇದೆ, ಲೋಕವೂ ಇದೆ. ಅವರ ಬೇಡಿಕೆಯಲ್ಲಿ ನ್ಯಾಯವೇ ಇರಲಿಲ್ಲ ಎಂದು ನಾನು ಹೇಳಲಾರೆ. ತನ್ನ ಊರಿನ ಆಫೀಸಿನಲ್ಲಿ ತನ್ನ ಹುಡುಗನಿಗೆ ಕುರ್ಚಿ ಸಿಗಬೇಕೆಂದು ಯಾವ ತಾಯಿಗೆ ಅನಿಸುವುದಿಲ್ಲ? ನಾನು ನಿತ್ಯ ಹೋಗುವ ಡಬ್ಬಿಯಲ್ಲಿ ಒಬ್ಬರು ಹಿರಿಯರು “ತುಮ್ಹೀ ಮೂಳಚೇ ಕುಠಲೇ?” ಎಂದು ಕೇಳಿದಾಗ ಎದೆ ಸ್ವಲ್ಪ ಅಳುಕಿತು. ಧಾರವಾಡ ಎಂದೆ. “ಅರೇ, ಧಾರವಾಡೀ ಪೇಢಾ!” ಎಂದು ಜಾಗ ಸರಿಸಿದರು. ಏಳನೇ ತಿಂಗಳಿಗೆ ಫೋರ್ತ್ ಸೀಟ್ ಸಿಕ್ಕಿತೆಂದೆನಲ್ಲ, ಅದು ಹೀಗೆ.

1993ರಿಂದ ಮೂರು ವರ್ಷ ವಾಶಿಯಲ್ಲಿದ್ದೆ. ಅಲ್ಲಿ ಇನ್ನೊಂದು ಅರ್ಥ ಕಾದಿತ್ತು. ನವಿಮುಂಬೈ ಕಟ್ಟಲು ಸಿಡ್ಕೋ ಸ್ಥಾಪನೆಯಾದದ್ದು 1970ರಲ್ಲಿ. ಮುಳುಗಿದ್ದು ಆಗ್ರಿ, ಕೋಳಿ ಜನರ ಭತ್ತದ ಗದ್ದೆ, ಉಪ್ಪಿನ ಮಡಿ. 1984ರ ಜನವರಿಯಲ್ಲಿ ಉರಣ ಭಾಗದ ಜಾಸಯಿಯಲ್ಲಿ ದಿ.ಬಾ. ಪಾಟೀಲರ ಮುಂದಾಳ್ತನದ ಚಳವಳಿಯ ಮೇಲೆ ಗೋಲೀಬಾರಾಗಿ ಐವರು ಸತ್ತರು. ಹೋದ ಭೂಮಿಯ ಶೇಕಡಾ 12.5ರಷ್ಟನ್ನು ಅಭಿವೃದ್ಧಿ ಮಾಡಿದ ನಿವೇಶನವಾಗಿ ಮರಳಿ ಕೊಡುವ ಯೋಜನೆ ಬಂದದ್ದು ಆ ಹೋರಾಟದ ಫಲ. ಪರಿಹಾರದ ದುಡ್ಡು ಇಡಲು ಬರುವ ಮುದುಕರನ್ನು ತೋರಿಸಿ ನಮ್ಮ ಸಿಬ್ಬಂದಿ “ಸಾಹೇಬ, ಲೋಕಲ್ ಆಹೇತ್” ಎಂದು ಪಿಸುಗುಟ್ಟುತ್ತಿದ್ದರು. ಹುಷಾರಾಗಿ ಮಾತಾಡಿ ಅಂತ ಅರ್ಥ. ಆ ಧ್ವನಿಯಲ್ಲಿ ಹೆದರಿಕೆಯೂ ಇತ್ತು, ತುಸು ಸಸಾರವೂ ಇತ್ತು. ಹಾಗೆ ಪಿಸುಗುಟ್ಟಿದವರಲ್ಲಿ ಮರಾಠಿಯವರೂ ಇದ್ದರು, ನಾವೂ ಇದ್ದೆವು. ಭೂಮಿ ಇದ್ದಾಗ ಅವರಿಗೆ ಆ ಹೆಸರು ಬೇಕಿರಲಿಲ್ಲ. ಭೂಮಿ ಹೋದ ಮೇಲೆ ಉಳಿದದ್ದು ಅದೊಂದೇ.

2019ರಲ್ಲಿ ನಿವೃತ್ತಿಯ ಪಿಂಚಣಿ ಅರ್ಜಿ ತುಂಬುವಾಗ ಎರಡು ಚೌಕ. ಲೋಕಲ್ ವಿಳಾಸ, ಕಾಯಂ ವಿಳಾಸ. ಸಾವಿರಾರು ಗಿರಾಕಿಗಳಿಂದ ತುಂಬಿಸಿದ ಚೌಕಗಳೇ. ಕಾಯಂ ಎಂಬಲ್ಲಿ ನಮ್ಮೂರ ಮನೆಯ ವಿಳಾಸ ಬರೆದೆ. ಆ ಮನೆ 2003ರಲ್ಲೇ ಮಾರಾಟವಾಗಿದೆ. ಅರ್ಜಿ ವಾಪಸು ಬಂತು, ಪುರಾವೆ ತಾಳೆಯಾಗಲಿಲ್ಲ. “ಸರ್, ಎರಡೂ ಒಂದೇ ಆದರೆ ಇಲ್ಲಿ ಟಿಕ್ ಮಾಡಿ” ಎಂದಳು ಹುಡುಗಿ. ಮಾಡಿದೆ. ಊರಲ್ಲಾದರೂ ಏನಿದೆ? ಧಾರವಾಡದಲ್ಲಿ ಒಂದು ಸೈಟು ನೋಡಲು ಹೋದಾಗ ತಮ್ಮ “ಲೋಕಲ್ ರೇಟಿಗೆ ಕೊಡ್ರಿ, ನಮ್ಮವರ ಅದಾರ” ಅಂದರೆ ದಲಾಲಿ ನಕ್ಕ. “ಅವರು ಬಾಂಬೆಯವರು ಅಲ್ಲೇನ್ರಿ?”

2020ರ ಮೇ 12ಕ್ಕೆ ಪ್ರಧಾನಿಯವರು ಟಿ.ವಿ.ಯಲ್ಲಿ ಲೋಕಲ್ ಪರವಾಗಿ ವೋಕಲ್ ಆಗಿರಿ ಎಂದರು. ನಮ್ಮಲ್ಲಿ ಲೋಕಲ್ ನಿಂತು ಅವತ್ತಿಗೆ ಐವತ್ತು ದಿನ ಕಳೆದಿತ್ತು. ಖಾಲಿ ಹಳಿಯ ಮೇಲೆ ನಾಯಿ ಮಲಗಿದ್ದನ್ನು ಗ್ಯಾಲರಿಯಿಂದ ನೋಡುತ್ತ ಅದನ್ನು ಕೇಳಿದೆ.

2024ರ ಜುಲೈಯಲ್ಲಿ ಬೆಂಗಳೂರಿನಿಂದ ಮಗನ ಫೋನು. ಅವನು ಹುಟ್ಟಿದ್ದು ಡೊಂಬಿವಲಿಯಲ್ಲಿ, ಬೆಂಗಳೂರಿಗೆ ಹೋಗಿ ಹತ್ತು ವರ್ಷ. ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲು ಇಡುವ ಮಸೂದೆಗೆ ಕರ್ನಾಟಕದ ಸಂಪುಟ ಒಪ್ಪಿಗೆ ಕೊಟ್ಟಿತ್ತು. ಆಡಳಿತ ಹುದ್ದೆಗಳಲ್ಲಿ ಶೇಕಡಾ 50, ಉಳಿದವುಗಳಲ್ಲಿ 70. ಕರ್ನಾಟಕದಲ್ಲಿ ಹುಟ್ಟಿರಬೇಕು, 15 ವರ್ಷ ವಾಸವಿರಬೇಕು, ಕನ್ನಡ ಆಡಲು, ಓದಲು, ಬರೆಯಲು ಬರಬೇಕು. ಎರಡೇ ದಿನದಲ್ಲಿ ಅದನ್ನು ತಡೆಹಿಡಿದರು, ಆ ಮಾತು ಬೇರೆ. “ಅಪ್ಪಾ, ಕನ್ನಡ ಬರ್ತದ. ಉಳಿದ ಎರಡೂ ಇಲ್ಲ. ನಾ ಎಲ್ಲೀ ಲೋಕಲ್?” ಎಂದ. “ಮಹಾರಾಷ್ಟ್ರದ್ದು ಡೊಮಿಸೈಲ್ ಸರ್ಟಿಫಿಕೇಟ್ ಅದಲ್ಲ” ಎಂದೆ. ಅದಕ್ಕೂ 15 ವರ್ಷವೇ ಬೇಕು. ಈ 15 ಹೊಸದೇನಲ್ಲ. ಕಲಬುರ್ಗಿ, ರಾಯಚೂರು, ಬೀದರಗಳಿದ್ದ ನಿಜಾಮರ ಹೈದರಾಬಾದಿನಲ್ಲಿ 1919ರ ನಿಯಮದಂತೆ ಹೊರಗಿನವನು ಮುಲ್ಕಿ, ಅಂದರೆ ಸ್ಥಳೀಯ, ಎನಿಸಿಕೊಳ್ಳಲೂ 15 ವರ್ಷ ವಾಸಿಸಿರಬೇಕಿತ್ತು. ನಮ್ಮ ಧಾರವಾಡದ ಕಡೆ ಮುಲ್ಕಿ ಅಂದರೆ ಏಳನೇ ಇಯತ್ತೆಯ ಪರೀಕ್ಷೆ. ಒಂದೇ ಶಬ್ದ, ಗಡಿಯ ಈಚೆ ಒಂದು, ಆಚೆ ಒಂದು.

“ಆ ಸರ್ಟಿಫಿಕೇಟ್ ಸ್ಕ್ಯಾನ್ ಮಾಡಿ ಕಳಸ್ರಿ, ಇರ್ಲಿ” ಎಂದ. ಕಪಾಟಿನಿಂದ ನೀಲಿ ಫೈಲು ತೆಗೆದೆ. ಅದರ ಕೆಳಗೇ ಅಪ್ಪನ ಮುಲ್ಕಿ ಪರೀಕ್ಷೆಯ ಕಾಗದ, ಮಡಿಕೆಯಲ್ಲಿ ಹರಿದದ್ದು, ಮೇಲೆ ಲೋಕಲ್ ಬೋರ್ಡಿನ ಶಿಕ್ಕೆ. ಎರಡನ್ನೂ ಕಳಿಸಿದೆ. ಐದು ನಿಮಿಷಕ್ಕೆ ಮತ್ತೆ ಫೋನು.

“ಇನ್ನೊಂದು ಯಾರ್ದು?”

“ನಿನ್ನ ಅಜ್ಜಂದು.”

“ಮುಂಬಯಿ ಇಲಾಖೆ ಅಂತ ಅದಲ್ಲ ಇದರಾಗ?”

“ಹೌದು. ನವಲಗುಂದದ್ದು.”